ಭಾವನಿಗೆ ಕೊಟ್ಟ ಹಕ್ಕು

ಇಂಡಿಯಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದ ರಾಜಶ್ರೀ ಮನುಷ್ಯರಿಗಿಂತ ಪಟ್ಟಿಗಳನ್ನೇ ಹೆಚ್ಚು ನಂಬುವವಳು. 2008ರಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಇಂಥ ನಾಲ್ಕು ಕೇಂದ್ರಗಳು ಸೇರಿ ಇಂಟರ್‌ನೆಟ್ಟಿನಲ್ಲಿ ರಕ್ತದಾನಿಗಳ ಪಟ್ಟಿ ಶುರುಮಾಡಿದವು. ಅದಕ್ಕೆ ಯಜಮಾನರೆಂಬವರು ಯಾರೂ ಇರಲಿಲ್ಲ. ಹೆಸರು ಸೇರಿಸುವ ಹಕ್ಕನ್ನು ಒಬ್ಬರು ಇನ್ನೊಬ್ಬರಿಗೆ ಕೊಡಬಹುದಿತ್ತು. ಕೊಡುವಾಗ, 'ಇವರು ಮುಂದೆ ಬೇರೆಯವರಿಗೂ ಕೊಡಬಹುದೇ?' ಎಂದು ಪರದೆ ಕೇಳುತ್ತಿತ್ತು. ರಾಜಶ್ರೀ ತಪ್ಪದೆ 'ಬೇಡ' ಒತ್ತುತ್ತಿದ್ದಳು. ರಕ್ತದ ಗುಂಪಿನ ಚೀಟಿ ಕಣ್ಣಾರೆ ನೋಡದೆ ಅವಳು ಒಂದು ಹೆಸರನ್ನೂ ಸೇರಿಸಿದವಳಲ್ಲ.

ಆದರೆ ಆಲಮೇಲದ ಮಾಳಿಂಗರಾಯ ಅವಳ ಗಂಡನ ಅಣ್ಣ. ಹಕ್ಕು ಕೇಳಿ ಬಂದವನು ಬೆನ್ನ ಹಿಂದೆಯೇ ನಿಂತು ಪರದೆ ಓದಿದ.

"ನನಗೂ ಬ್ಯಾಡ ಅಂತಿಯೇನವಾ? ಮನಿ ಮಂದಿ ಮ್ಯಾಲೂ ನಂಬಿಗಿ ಇಲ್ಲೇನು?"

"ಹಂಗಲ್ರಿ ಭಾವಾರ," ಎಂದು ಅವಳು 'ಹೌದು' ಒತ್ತಿದಳು. ಭಾವನಿಗೆ ಇಲ್ಲವೆಂದು ಹೇಳಿ ಮನೆಗೆ ಹೋಗಿ ಅತ್ತೆಯ ಮುಖ ನೋಡುವ ಧೈರ್ಯ ಯಾವ ಸೊಸೆಗಿದೆ?

ಮಾಳಿಂಗರಾಯನಿಗೆ ದೊಡ್ಡಸ್ತಿಕೆ ಜಾಸ್ತಿ. ಕೇಳಿದವರಿಗೆಲ್ಲ ಹಕ್ಕು ಕೊಟ್ಟ. ಅವರು ತಮ್ಮ ಗೆಳೆಯರಿಗೆ ಕೊಟ್ಟರು. ಪರೀಕ್ಷೆ ಮಾಡಿಸುವ ಗೊಡವೆಗೆ ಯಾರೂ ಹೋಗಲಿಲ್ಲ. ಎಲ್ಲೂ ಸಿಗದ ರಕ್ತ ನಮ್ಮೂರಲ್ಲಿದೆ ಎಂದು ಮೆರೆಯಲು ಅವರಲ್ಲೊಬ್ಬ ಆಲಮೇಲದ ಮೂವರ ಹೆಸರಿನ ಮುಂದೆ 'ಓ ನೆಗೆಟಿವ್' ಎಂದು ಬರೆದ.

ಆರು ತಿಂಗಳಾದ ಮೇಲೆ ಅಮಸಿದ್ದನೆಂಬವನ ಹೆಂಡತಿ ಚನ್ನವ್ವನಿಗೆ ಇಂಡಿಯ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ರಕ್ತ ನಿಲ್ಲದಾಯಿತು. ಓ ನೆಗೆಟಿವ್ ಬೇಕು, ಬಿಜಾಪುರಕ್ಕೆ ಗಾಡಿ ಕಳಿಸಲೇ ಎಂದು ಡಾಕ್ಟರು ರಾಜಶ್ರೀಯನ್ನು ಫೋನಿನಲ್ಲಿ ಕೇಳಿದರು. ರಾಜಶ್ರೀ ಪಟ್ಟಿ ತೆಗೆದಳು. ಹೆಸರು ಸೇರಿಸಿದವರು ಯಾರೆಂದು ನೋಡಲಿಲ್ಲ.

"ಆಲಮೇಲದಾಗ ಮೂವರು ಅದಾರ್ರಿ. ಅದ ಸಮೀಪ ಆಗ್ತೈತಿ."

ಅಮಸಿದ್ದ ಟೆಂಪೋ ಮಾಡಿಕೊಂಡು ಓಡಿದ. ಪಾಪ, ಆ ಮೂವರೂ ಹೊಲದಿಂದ ಹಾಗೇ ಹತ್ತಿ ಬಂದರು. ಒಬ್ಬರ ರಕ್ತವೂ ಹೊಂದಲಿಲ್ಲ. ಆಮೇಲೆ ಗಾಡಿ ಕಳಿಸಿ ಬಿಜಾಪುರದಿಂದ ಬಾಟಲಿ ತರಿಸುವಷ್ಟರಲ್ಲಿ ಚನ್ನವ್ವ ತೀರಿಕೊಂಡಿದ್ದಳು. ಕೂಸು ಉಳಿಯಿತು.

ರಾಜಶ್ರೀ ಅಂದೇ ಭಾವನ ಹಕ್ಕನ್ನು ಕಿತ್ತುಹಾಕಿದಳು. ಅವನ ಮೂಲಕ ಪಡೆದ ನಲವತ್ತೊಂದು ಮಂದಿಯ ಹಕ್ಕೂ ಜೊತೆಗೇ ಹೋಯಿತು. ಅಷ್ಟು ಸುಲಭದ ಕೆಲಸವನ್ನು ಅವಳು ಆರು ತಿಂಗಳು ಮಾಡಿರಲಿಲ್ಲ.

ಐದನೆಯ ದಿನ ಅಮಸಿದ್ದ ಬಂದ.

"ಆ ಹೆಸರು ಬರದಾಂವ ಯಾರ್ರಿ?"

ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಹಕ್ಕು ಕಿತ್ತಿದ್ದರೂ ಯಾರು ಯಾರಿಗೆ ಕೊಟ್ಟಿದ್ದರೆಂಬುದೆಲ್ಲ ಅಲ್ಲಿ ಸಾಲಾಗಿ ಉಳಿದಿತ್ತು. ಅಮಸಿದ್ದ ಬೆರಳಿಟ್ಟು ಕೆಳಗಿನಿಂದ ಓದುತ್ತ ಮೇಲೆ ಬಂದ. ಮಾಳಿಂಗರಾಯನನ್ನೂ ದಾಟಿದ.

"ಎಲ್ಲಾರಕಿಂತ ಮ್ಯಾಲ ನಿಮ್ಮ ಹೆಸರೈತ್ರಿ, ಅಕ್ಕಾರ."

"ಹೌದ್ರಿ. ಕೊಡಬಾರದು ಅಂತ ಗೊತ್ತಿತ್ತು. ಗೊತ್ತಿದ್ದೂ ನಾನ ಕೊಟ್ಟೆ."

ಅವನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಕೂಸಿಗೆ ಹಾಲಿನ ಹೊತ್ತಾಯಿತೆಂದು ಹೇಳಿ, ಅಮಸಿದ್ದ ಎದ್ದು ಹೋದ.