ಮಹದೇವಸ್ವಾಮಿಯ ಸೊನ್ನೆ

ಮಹದೇವಸ್ವಾಮಿಯ ಬ್ಯಾಗಿನಲ್ಲಿ ಎಲ್ಲಕ್ಕೂ ಒಂದೊಂದು ಖಾನೆ. ಕೈಗವಸಿಗೆ ಒಂದು, ನಕ್ಷೆಗೆ ಒಂದು, ಪೆನ್ನಿಗೆ ಒಂದು, ಆ ಪೆನ್ನು ಕೈಕೊಟ್ಟರೆ ಅಂತ ಇನ್ನೊಂದು ಪೆನ್ನಿಗೆ ಇನ್ನೊಂದು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದಿ, ಹನ್ನೆರಡು ವರ್ಷದಿಂದ ಪೆಟ್ರೋಲ್ ಬಂಕುಗಳ ಮಣ್ಣು, ನೀರು ಪರೀಕ್ಷಿಸುತ್ತಿದ್ದ ಅವನು ಏನನ್ನೂ ಮರೆತು ಬಂದವನಲ್ಲ. ಅವನಲ್ಲಿ ಇಲ್ಲದ್ದು ಒಂದೇ, ವಾಸನೆಯ ಅರಿವು. ಕೋವಿಡ್ ಹೋಗುವಾಗ ಅದನ್ನೂ ಜತೆಗೆ ಕರೆದುಕೊಂಡು ಹೋಗಿತ್ತು. ಸೋರಿದ ಪೆಟ್ರೋಲ್ ಹುಡುಕುವವನಿಗೆ ಪೆಟ್ರೋಲ್ ವಾಸನೆಯೇ ತಿಳಿಯದು ಎಂದು ಆಫೀಸಿಗೆ ಹೇಳಲು ಅವನು ಸರಿಯಾದ ಸಮಯಕ್ಕೆ ಕಾಯುತ್ತಿದ್ದ. ನಾಲ್ಕು ವರ್ಷದಿಂದ ಕಾಯುತ್ತಿದ್ದ. 'ಯಂತ್ರ ಇರುವಾಗ ಮೂಗೇಕೆ' ಎಂದು ತನಗೆ ತಾನೇ ಉಪನ್ಯಾಸ ಕೊಟ್ಟುಕೊಳ್ಳುತ್ತಿದ್ದ. ಸಭಿಕ ಒಬ್ಬನೇ ಆದ್ದರಿಂದ ಪ್ರಶ್ನೆಗಳು ಬರುತ್ತಿರಲಿಲ್ಲ.

ಆವತ್ತಿನ ಕೆಲಸ ಕೆ.ಆರ್. ಪೇಟೆಯಿಂದ ಸಂತೆಬಾಚಹಳ್ಳಿಗೆ ಹೋಗುವ ರಸ್ತೆಯಲ್ಲಿ, ಎರಡು ವರ್ಷದ ಹಿಂದೆ ಮುಚ್ಚಿದ ಒಂದು ಬಂಕಿನದು. ಪಕ್ಕದಲ್ಲೇ ಶಾಹಜಹಾನ್ ಬೇಗಂ ಅವರ ಟೀ ಅಂಗಡಿ, ಹಿಂದೆ ಅವರ ಬಾವಿ. ನೀರು ಪೆಟ್ರೋಲ್ ನಾರುತ್ತದೆ, ಗಿರಾಕಿಗಳು ಅರ್ಧ ಲೋಟ ಬಿಟ್ಟು ಎದ್ದು ಹೋಗುತ್ತಾರೆ ಎಂದು ಆರು ತಿಂಗಳು ಅಲೆದು ಈ ಪರೀಕ್ಷೆ ತರಿಸಿದವರು ಅವರೇ. ಗಾಳಿಯಲ್ಲಿನ ಪೆಟ್ರೋಲ್ ಆವಿ ಅಳೆಯುವ ಯಂತ್ರ ಸೊನ್ನೆ ತೋರಿಸಿದರೆ ಕಡತ ಇವತ್ತೇ ಮುಚ್ಚುತ್ತದೆ. ಮತ್ತೆ ಯಾರೂ ಆ ಬಾವಿಯ ಕಡೆ ತಲೆ ಹಾಕುವುದಿಲ್ಲ.

ಯಂತ್ರಕ್ಕೆ ಮೊದಲು ಶುದ್ಧ ಗಾಳಿ ಕೊಟ್ಟು 'ಇದು ಸೊನ್ನೆ' ಎಂದು ಕಲಿಸಬೇಕು. ಮಹದೇವಸ್ವಾಮಿ ಮರದ ನೆರಳಲ್ಲಿ ಒಂದು ಕಲ್ಲು ಚಪ್ಪಡಿ ಕಂಡು, ಅದರ ಮೇಲೆ ಕೂತು ಪಾಠ ಮುಗಿಸಿ, ಸಮಯ ಬರೆದುಕೊಂಡ. ಆಮೇಲೆ ಎಂಟು ಕಡೆ ಗುಂಡಿ ತೋಡಿ ಅಳೆದ. ಬಾವಿಯ ಬಾಯಲ್ಲಿ ಅಳೆದ. ಬಕೆಟ್ಟಿನ ನೀರಿನ ಮೇಲೆ ಹಿಡಿದ. ಎಲ್ಲೆಲ್ಲೂ ಸೊನ್ನೆ.

"ಏನೂ ಇಲ್ಲಮ್ಮ," ಎಂದ.

"ಇಲ್ವಾ?" ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬೇಗಂ ಕೇಳಿದರು. "ಸಾಬ್, ಈ ಬಕೆಟ್ ಹತ್ರ ಬೆಂಕಿಕಡ್ಡಿ ಗೀರೋಕೂ ನಂಗೆ ಭಯ."

ಹಾಲಿನ ಕ್ಯಾನು ಇಳಿಸಿ ಬೆಂಚಿನ ಮೇಲೆ ಕೂತಿದ್ದ ಮರಿಯಯ್ಯ ನಕ್ಕ. "ಇವ್ರ ಮಿಸನ್ನಿಗೆ ನೆಗಡಿ ಆಗದೆ ಕಣಮ್ಮೋ."

"ವಾಸನೆ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ," ಎಂದು ಮಹದೇವಸ್ವಾಮಿ ಶುರುಮಾಡಿದ.

"ಅಂಗಾರೆ ಕುಡ್ದು ತೋರ್ಸಿ ಸಾಮಿ. ಇದೇ ಬಾವಿ ನೀರಿನ ಟೀಯ."

ವಿಜ್ಞಾನದ ಮಾನ ಒಂದು ಲೋಟದಲ್ಲಿ ನಿಂತಿತ್ತು. ಮಹದೇವಸ್ವಾಮಿ ತಳ ಕಾಣುವವರೆಗೆ ಕುಡಿದು, ತುಟಿ ಒರೆಸಿಕೊಂಡು, ಯಾರೂ ಕೇಳದ ಒಂದು ಮಾತು ಸೇರಿಸಿದ: "ಏಲಕ್ಕಿ ಘಮ್ ಅಂತಿದೆ."

ಮರಿಯಯ್ಯನ ನಗು ನಿಂತಿತು. ಬೇಗಂ ಮಹದೇವಸ್ವಾಮಿಯನ್ನೇ ನೋಡಿದರು.

"ಏಲಕ್ಕಿ ಹಾಕೋದು ಬಿಟ್ಟು ಎರಡು ತಿಂಗಳಾಯ್ತು ಬೇಟಾ. ಏನ್ ಹಾಕಿದ್ರೂ ಪೆಟ್ರೋಲೇ ಮುಂದೆ ಬರ್ತಿತ್ತು." ಆಮೇಲೆ ಮೆಲ್ಲಗೆ ಕೇಳಿದರು, "ನಿಂಗೆ ವಾಸನೆ ತಿಳಿಯಲ್ಲ, ಅಲ್ವಾ?"

ಅವನ ಬ್ಯಾಗಿನಲ್ಲಿ ಇದಕ್ಕೊಂದು ಖಾನೆ ಇರಲಿಲ್ಲ. "ಇಲ್ಲ," ಎಂದ.

"ಅಲ್ಲ ಕಣ್ ಸಾಮಿ," ಮರಿಯಯ್ಯ ಎದ್ದು ನಿಂತ, "ಬಂದೇಟ್ಗೆ ಆ ಚಪ್ಪಡಿ ಮ್ಯಾಲೆ ಕುಂತು ಮಿಸನ್ನಿಗೆ ಅದೇನ್ ಮಾಡ್ತಿದ್ರಿ?"

"ಶುದ್ಧ ಗಾಳಿ ಕೊಡ್ತಿದ್ದೆ."

"ಅಯ್ಯೋ, ಅದ್ರ ಕೆಳಗೇ ಅಲ್ವಾ ಬಂಕಿನ್ ಪೆಟ್ರೋಲ್ ತೊಟ್ಟಿ!"

ಮಹದೇವಸ್ವಾಮಿ ನಕ್ಷೆ ತೆಗೆದು ಬಿಡಿಸಿದ. ಮಡಿಕೆ ಒಂದಿಷ್ಟೂ ಮುದುಡದಂತೆ ಅದು ತನ್ನ ಖಾನೆಯಲ್ಲಿ ಭದ್ರವಾಗಿತ್ತು. ಚಪ್ಪಡಿ ಇದ್ದಲ್ಲೇ ತೊಟ್ಟಿಯ ಗುರುತೂ ಇತ್ತು. ಇಡೀ ಜಾಗದಲ್ಲಿ ಅತಿ ಕೆಟ್ಟ ಗಾಳಿಯನ್ನು ಹುಡುಕಿ, ಯಂತ್ರಕ್ಕೆ ಅದನ್ನೇ ಶುದ್ಧವೆಂದು ಕಲಿಸಿದ್ದ. ಉಳಿದದ್ದೆಲ್ಲ ಸೊನ್ನೆಯಾಗದೆ ಇನ್ನೇನಾದೀತು?

"ಬಾ," ಎಂದು ಬೇಗಂ ಮುಂದೆ ನಡೆದರು. ಹತ್ತು ಹೆಜ್ಜೆಗೊಮ್ಮೆ ನಿಂತು ಮೂಸಿದರು. "ಇನ್ನೂ ಐತೆ... ಇಲ್ಲೂ ಐತೆ..." ಗಾಳಿಗೆ ಎದುರಾಗಿ ಮರಿಯಯ್ಯನ ಕಬ್ಬಿನ ಗದ್ದೆಯ ಬದು ತಲುಪಿದ ಮೇಲೆ ಉಸಿರೆಳೆದುಕೊಂಡರು. "ಇಲ್ಲಿ ಬರೀ ಕಬ್ಬಿನ ಗರಿ ವಾಸನೆ. ಇದನ್ನ ಕಲಿಸು."

ಮಹದೇವಸ್ವಾಮಿ ಯಂತ್ರಕ್ಕೆ ಕಲಿಸಿದ. ಮತ್ತೆ ಬಾವಿಯ ಬಾಯಿಗೆ ಹಿಡಿದಾಗ ಅಂಕಿ ಏರತೊಡಗಿ, ಇನ್ನೂರ ಹತ್ತಕ್ಕೆ ನಿಂತಿತು.

ಬೇಗಂ ಮುಖ ಅರಳಿತು, ಹಾಗೇ ಬಾಡಿತು. "ಸರಿ, ನಾನು ಹೇಳಿದ್ದೇ ನಿಜ ಆಯ್ತು. ಈಗ ಟೀಗೆ ನೀರು?"

ಆತ ಆಫೀಸಿಗೆ ಫೋನು ಮಾಡಿದ. ಮೊದಲು ತನ್ನ ಮೂಗಿನ ವಿಷಯ ಹೇಳಿದ, ಆಮೇಲೆ ಅಂಕಿ. ಆ ಕಡೆಯವರು ಎರಡನ್ನೂ ಮತ್ತೊಮ್ಮೆ ಹೇಳಿಸಿಕೊಂಡರು. ಕೊನೆಗೆ, ಬಾವಿಗೆ ಬೀಗ, ನೀರು ಪ್ರಯೋಗಾಲಯಕ್ಕೆ, ನಾಳೆಯಿಂದ ಬಂಕಿನ ಮಾಲೀಕರ ಖರ್ಚಿನಲ್ಲೇ ನೀರಿನ ಟ್ಯಾಂಕರು ಎಂದು ತೀರ್ಮಾನವಾಯಿತು. ಮೂಗಿನ ಬಗ್ಗೆ ಸೋಮವಾರ ಮಾತಾಡೋಣ ಎಂದರು.

ಇವತ್ತಿನ ಮಟ್ಟಿಗೆ ಮರಿಯಯ್ಯ, ಗದ್ದೆಯಾಚೆಗಿನ ತನ್ನ ಬೋರ್‌ವೆಲ್ಲಿನ ನೀರು ಕೊಡುತ್ತೇನೆಂದ. ಅದನ್ನು ಯಂತ್ರವೂ ಬೇಗಮ್ಮೂ ಒಪ್ಪಿದ ಮೇಲೆ ಎಂ.ಎಸ್ಸಿ. ಪದವೀಧರ ಎರಡು ಕೊಡ ಹೊತ್ತು ತಂದ. ಆ ದಿನ ಅವನು ಮಾಡಿದ ಕೆಲಸಗಳಲ್ಲಿ ತಿದ್ದುಪಡಿ ಬೇಡದ್ದು ಅದೊಂದೇ.

ಬೇಗಂ ಡಬ್ಬಿಯ ತಳದಲ್ಲಿದ್ದ ಎರಡು ಏಲಕ್ಕಿ ಜಜ್ಜಿ ಹಾಕಿ, ಲೋಟ ಚಾಚಿದರು. "ಹೆಂಗೈತೆ?"

"ನೀವೇ ಹೇಳಬೇಕು," ಎಂದು ಮಹದೇವಸ್ವಾಮಿ ಲೋಟವನ್ನು ಅವರ ಮೂಗಿನ ಹತ್ತಿರ ಹಿಡಿದ.