ಗಂಗಕ್ಕ ಕುಂಚಕ್ಕೆ ಬೀಗ ಹಾಕಿದ್ದು

ಮಾರಿಕಣಿವೆಯಲ್ಲಿ ಅಣೆಕಟ್ಟು ಏಳುತ್ತಿದ್ದ ವರ್ಷ ಹೊಳಲ್ಕೆರೆಯ ಗೊಂಬೆ ಮಾಡುವ ಅಣ್ಣತಮ್ಮಂದಿರು ಪಾಲಾದರು. ಹೊಲ, ಮನೆ ಸಲೀಸಾಗಿ ಹಂಚಿಹೋದವು. ಅಪ್ಪ ಬಿಟ್ಟುಹೋದ ಗೊಂಬೆಯ ಅಚ್ಚುಗಳ ವಿಷಯಕ್ಕೆ ಜಗಳ ಹತ್ತಿತು. ಕೊನೆಗೆ ಪಂಚರು ರಾಮ ಲಕ್ಷ್ಮಣರ ಅಚ್ಚನ್ನು ಅಣ್ಣ ಮುದ್ದಣ್ಣನಿಗೂ ಸೀತೆ ಹನುಮಂತರದನ್ನು ತಮ್ಮ ಜುಂಜಣ್ಣನಿಗೂ ಕೊಡಿಸಿದರು. ಮನೆಯ ನಡುವೆ ಗೋಡೆ ಎದ್ದಿತು.

ಜುಂಜಣ್ಣನ ಹೆಂಡತಿ ಗಂಗಕ್ಕನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಹದಿನಾಲ್ಕು ವರ್ಷದಿಂದ ಆ ಮನೆಯ ಪ್ರತಿ ಗೊಂಬೆಗೂ ಬಣ್ಣ ಹಚ್ಚಿ ಕಣ್ಣು ಬರೆದವಳು ಅವಳು. ಮಾವನೇ ಕಲಿಸಿದ್ದ. ಗೋಡೆಯಾಚೆಯ ಗೊಂಬೆ ಮುಟ್ಟಕೂಡದು ಎಂದು ಗಂಡ ಕಟ್ಟುಮಾಡಿದ. ಅವಳು ಈಚೆಯ ಗೊಂಬೆಗಳಿಗಷ್ಟೇ ಬಣ್ಣ ಹಚ್ಚತೊಡಗಿದಳು.

ನವರಾತ್ರಿ ಹತ್ತಿರ ಬಂದಾಗ ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿ ಕಾಟಲಿಂಗಪ್ಪ ಗಾಡಿ ಕಟ್ಟಿಸಿಕೊಂಡು ಬಂದ. ಮಗಳ ಮನೆಯಲ್ಲಿ ಕೂರಿಸಲು ರಾಮ ಪಟ್ಟಾಭಿಷೇಕದ ಇಡೀ ಸಾಲು ಬೇಕಿತ್ತು. ಈಚೆ ಸೀತೆಗೆ ಜೊತೆಯಿಲ್ಲ, ಆಚೆ ರಾಮನಿಗೆ ಕಣ್ಣಿಲ್ಲ. ಅಣ್ಣತಮ್ಮಂದಿರು ಅವನೆದುರೇ ಬೈದಾಡಿಕೊಂಡರು. ತಮ್ಮನಿಗೆ ಕೊಡುವ ಬದಲು ಅಚ್ಚು ಒಡೆದುಹಾಕುತ್ತೇನೆ ಎಂದ ಮುದ್ದಣ್ಣ.

"ಒಡಕೋ. ನನ್ನ ಸೀತೆಗೇನಾಗ್ತೈತೆ?" ಎಂದ ಜುಂಜಣ್ಣ.

ನನ್ನ ಸೀತೆ ಎಂಬ ಮಾತನ್ನು ಗಂಗಕ್ಕನಿಗೆ ನುಂಗಲಾಗಲಿಲ್ಲ. ಬಣ್ಣದ ಕುಡಿಕೆ, ಕುಂಚ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಬೀಗ ಜಡಿದು, ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು.

"ಮಣ್ಣು ನಿಮ್ದು, ಅಚ್ಚು ನಿಮ್ದು. ಕಣ್ಣು ಯಾರ್ದು ಅಂತ ಪಂಚರನ್ನ ಕೇಳಿದ್ರಾ? ಅಚ್ಚೆಲ್ಲ ಒಂದು ಕಡೆ ಸೇರೋತನಕ ನಾನು ಕುಂಚ ಹಿಡಿಯಲ್ಲ. ನೀವೇ ಬರಕಳ್ರಿ."

ಇಬ್ಬರೂ ಹಟಕ್ಕೆ ಬಿದ್ದು ಇದ್ದಿಲು, ಸುಣ್ಣ ಕಲಸಿ ಬರೆದರು. ಸೀತೆಯ ಒಂದು ಕಣ್ಣು ಸೂರು ನೋಡುತ್ತಿತ್ತು, ಇನ್ನೊಂದು ನೆಲ. ರಾಮ ಹೆಂಡ ಕುಡಿದವನಂತೆ ಕಂಡ. ಮೊಮ್ಮಕ್ಕಳು ಹೆದರಿಕೊಂಡಾವು ಎಂದ ಕಾಟಲಿಂಗಪ್ಪ, ಎಂಟು ದಿನ ಬಿಟ್ಟು ಬರುವುದಾಗಿ ಹೇಳಿ ಹೊರಟುಹೋದ.

ಜುಂಜಣ್ಣ ಸಿಟ್ಟಿಗೆ ಊಟ ಬಿಟ್ಟ. ಗಂಗಕ್ಕ ಅವನಿಗೆ ಬಡಿಸಿಟ್ಟು, ಎದುರಿಗೇ ಕೂತು ಹೊಟ್ಟೆತುಂಬ ಉಂಡಳು. ಆರನೆಯ ದಿನ ಮುದ್ದಣ್ಣ ಅಚ್ಚಿನ ಬುಟ್ಟಿಯನ್ನೂ ರಾಮ ಲಕ್ಷ್ಮಣರ ಗೊಂಬೆಗಳನ್ನೂ ಹೊತ್ತು ಬಂದು ಇವರ ಪಡಸಾಲೆಯಲ್ಲಿ ಇಳಿಸಿದ. ಜುಂಜಣ್ಣ ತಲೆಯೆತ್ತದೆ ಗೋಣಿ ಹಾಸಿಕೊಟ್ಟ.

ಗಂಗಕ್ಕ ಒದ್ದೆ ಬಟ್ಟೆಯಿಂದ ರಾಮನ ಮುಖ ತಿಕ್ಕಿದಳು.

"ಇನ್ನೊಂದು ಸಲ ಪಾಲು ಮಾಡೋದಾದ್ರೆ ಮೊದ್ಲು ನನ್ನ ಪಾಲು ಎತ್ತಿಡ್ರಿ, ಭಾವ."

ಮುದ್ದಣ್ಣ ಹೂಂ ಎಂದ. ಅವಳು ಪೆಟ್ಟಿಗೆ ತೆಗೆದು ಬಣ್ಣ ಕಲಸಿದಳು. ಕಾಟಲಿಂಗಪ್ಪನ ಸಾಲು ಹೇಳಿದ ದಿನಕ್ಕೆ ಗಾಡಿ ಹತ್ತಿತು. ಗಂಡನ ಜೊತೆ ಮಾತ್ರ ಗಂಗಕ್ಕ ವಿಜಯದಶಮಿ ಕಳೆಯುವವರೆಗೂ ಮಾತು ಬಿಟ್ಟಿದ್ದಳು.