ಜೊಂಡು ಮೇಷ್ಟ್ರ ಬೆಂಚು

ಆ ಊರಿನವರಿಗೆ ಕೆರೆಯೆಂದರೆ ಪ್ರಾಣ. ಹಾಗಂತ ಅವರೇ ಹೇಳಿಕೊಳ್ಳುತ್ತಿದ್ದರು. ಕೆರೆಯನ್ನು ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ಅದರ ಸುತ್ತ ನಡೆಯುವವರು, ದೋಣಿಗೆ ಹುಟ್ಟು ಹಾಕುವವರು, ಗಾಳ ಹಾಕುವ ನೆಪದಲ್ಲಿ ಮನೆಯ ಬೈಗುಳದಿಂದ ತಪ್ಪಿಸಿಕೊಂಡು ಕೂರುವವರು, ಎಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ಸುಳ್ಳೇಕೆ ಹೇಳಬೇಕು, ಕೆರೆಗೆ ಮಣ್ಣು ತುಂಬಿ ಮಾರುಕಟ್ಟೆ ಕಟ್ಟಲು ಲಾರಿಗಳು ಬಂದಾಗ ಇದೇ ಜನ ಅಡ್ಡ ಮಲಗಿ ಕೆರೆಯನ್ನು ಉಳಿಸಿದ್ದರು. ಉಳಿಸಿದ ಮೇಲೆ ಅದು ಅವರಿಗೆ ಸ್ವಂತ ಹಿತ್ತಲಾಗಿಬಿಟ್ಟಿತು, ಅಷ್ಟೆ.

ಸಂಘಕ್ಕೊಂದು ನಿಯಮವಿತ್ತು. ಸದಸ್ಯರಲ್ಲಿ ಯಾರು ತೀರಿಕೊಂಡರೂ ಅವರ ಹೆಸರಲ್ಲಿ ದಡದ ಮೇಲೊಂದು ಮರದ ಬೆಂಚು. ಅದರ ಮೇಲೆ ಕೂತರೆ ನೀರು ಕಾಣಬೇಕು; ಕಾಣದಿದ್ದರೆ ಸತ್ತವರಿಗೆ ಅವಮಾನ. ಹಾಗಾಗಿ ಬೆಂಚು ಬಂದಲ್ಲೆಲ್ಲ ಎದುರಿನ ಜೊಂಡುಹುಲ್ಲು ಬೇರುಸಮೇತ ಹೋಗುತ್ತಿತ್ತು. ಬೆಂಚುಗಳು ಹೆಚ್ಚಿದವು, ನೀರುಕೋಳಿಗಳು ಕಡಿಮೆಯಾದವು, ಬೇಸಿಗೆಯಲ್ಲಿ ನೀರು ಹಸಿರುಗಟ್ಟಿ ನಾರತೊಡಗಿತು. ಬೆಂಚಿನ ಮೇಲೆ ಕೂತವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ "ಆಹಾ, ಎಂಥಾ ನೋಟ!" ಎನ್ನುತ್ತಿದ್ದರು.

ಇದಕ್ಕೆ ಅಡ್ಡ ನಿಂತವರು ಒಬ್ಬರೇ, ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಮೇಷ್ಟ್ರು. ಊರಿನ ಕೊಳೆಯನ್ನು ಸೋಸುವುದೇ ಜೊಂಡು, ಹಕ್ಕಿ ಮೊಟ್ಟೆಯಿಡುವುದೂ ಅಲ್ಲೇ ಎಂದು ಸಭೆಸಭೆಯಲ್ಲೂ ಕೂಗಾಡಿ ಜೊಂಡು ಮೇಷ್ಟ್ರು ಎಂದೇ ಹೆಸರಾಗಿದ್ದರು. ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರಿಗೂ ಇವರಿಗೂ ಎತ್ತು ಏರಿಗೆಳೆದರೆ ಕೋಣ ನೀರಿಗೆ. "ಕೆರೆ ಏನು ನಿಮ್ಮ ಮುಖ ನೋಡ್ಕೊಳ್ಳೋ ಕನ್ನಡೀನಾ? ಜೊಂಡಿಲ್ಲದ ಕೆರೆ ಹಲ್ಲಿಲ್ಲದ ಬಾಯಿ ಕಣ್ರೀ ಡಾಕ್ಟ್ರೇ, ಇದು ನಿಮಗಾದ್ರೂ ಗೊತ್ತಾಗ್ಬೇಡ್ವಾ!" ಎಂದು ಮೇಷ್ಟ್ರು ಒಮ್ಮೆ ತುಂಬಿದ ಸಭೆಯಲ್ಲಿ ಅಂದಿದ್ದರು. ಡಾಕ್ಟರು ಒಂದು ತಿಂಗಳು ಮಾತು ಬಿಟ್ಟಿದ್ದರು. ಕಡೆಗೆ ಉತ್ತರದ ಮೂಲೆಯಲ್ಲಿ ಉಳಿದದ್ದು ಒಂದೇ ತುಂಡು ಜೊಂಡು. ದಿನಾ ಬೆಳಿಗ್ಗೆ ಮೇಷ್ಟ್ರು ಅದರ ಎದುರು ಕಾವಲುಗಾರನ ಹಾಗೆ ನಿಲ್ಲುತ್ತಿದ್ದರು.

ಅವರ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು, ಊರಿಗೆಲ್ಲ ಹೊಲಿಗೆಯಮ್ಮ. ಆಸ್ಪತ್ರೆಯಲ್ಲಿ ಗಂಡ ಅವಳ ಕೈ ಹಿಡಿದು ಪ್ರೀತಿಯ ಮಾತೇನೂ ಆಡಲಿಲ್ಲ, ಪುಣ್ಯಾತ್ಮ. "ಆ ಒಂದು ತುಂಡು ಉಳೀಬೇಕು ಕಣೇ. ಕಣ್ಣಿಟ್ಟಿರು" ಎಂದರು. ಅವಳು ಹೂಂ ಎಂದಳು.

ಮೇಷ್ಟ್ರು ಹೋದ ಮೇಲೆ ಡಾಕ್ಟರು ಮನೆಗೆ ಬಂದರು. ಹೊಲಿಗೆಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ಚಿಂದಿಬಟ್ಟೆಗಳ ನಡುವೆ, ಮಗುವಿನ ಹಾಗೆ ಅತ್ತರು. "ಜಗಳ ಆಡೋಕೂ ಒಬ್ಬ ಮನುಷ್ಯ ಬೇಕಲ್ಲ ಅಕ್ಕಾ. ಎಲ್ಲರಿಗಿಂತ ಒಳ್ಳೆ ಬೆಂಚು ಅವರಿಗೇ ಹಾಕಿಸ್ತೀನಿ. ಎಲ್ಲಿ ಹಾಕಲಿ, ನೀವೇ ಹೇಳಿ."

ನಾಟಕವಲ್ಲ ಅದು, ನಿಜವಾದ ಅಳು. ಹೊಲಿಗೆಯಮ್ಮನ ಮನಸ್ಸು ಕರಗಿತು. ಬದುಕಿದ್ದಾಗ ಗಂಡನನ್ನು ಹುಚ್ಚ ಎಂದವರೇ ಈಗ ಕಣ್ಣೀರು ಹಾಕುತ್ತಿದ್ದರೆ ಯಾವ ಹೆಂಡತಿಗೆ ಎದೆಯುಬ್ಬುವುದಿಲ್ಲ?

"ಅವರು ದಿನಾ ನಿಂತ್ಕೋತಿದ್ದ ಜಾಗದಲ್ಲೇ ಹಾಕಿ" ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿಯಮ ಅವಳಿಗೆ ತಿಳಿದಿರಲಿಲ್ಲವೇ? ಚೆನ್ನಾಗಿ ತಿಳಿದಿತ್ತು. ಪ್ರತಿ ಬೆಂಚಿನ ಅನಾವರಣಕ್ಕೂ ಹೊದಿಸುವ ಬಟ್ಟೆ ಹೊಲಿದವಳು ಅವಳೇ. ಆದರೆ ಆ ಗಳಿಗೆಯಲ್ಲಿ ಅವಳಿಗೆ ಕಂಡದ್ದು ಗಂಡ ನಿಂತ ಜಾಗ. ಅವರು ಯಾಕೆ ನಿಂತಿದ್ದರು ಎಂಬುದು ಹೊಳೆಯಲೇ ಇಲ್ಲ. ಕೆರೆಯ ಕಡೆ ಹೋಗಲು ಕಾಲೇ ಬಾರದೆ ಮನೆಯಲ್ಲೇ ಉಳಿದು, ಅಂಚಿಗೆ ಹಸಿರು ದಾರದಲ್ಲಿ ಜೊಂಡಿನ ಕಸೂತಿ ಹಾಕಿ ಬಟ್ಟೆ ಹೊಲಿದಳು. ಅಷ್ಟು ಚಂದದ ಕೆಲಸ ಅವಳ ಕೈಯಿಂದ ಹಿಂದೆಂದೂ ಬಂದಿರಲಿಲ್ಲ.

ಅನಾವರಣದ ದಿನ ನಾದಿನಿ ಅವಳ ಕೈ ಹಿಡಿದು ಕರೆದುಕೊಂಡು ಹೋದಳು. ದಡದ ಮೇಲೆ ನಡೆಯುತ್ತ ಹೊಲಿಗೆಯಮ್ಮ ಜೊಂಡಿನ ಗುರುತು ಹುಡುಕಿದಳು. ಸಿಗಲಿಲ್ಲ.

"ದಾರಿ ತಪ್ಪಿದ್ವಾ?" ಎಂದು ಕೇಳಿದಳು.

"ಇಲ್ಲೇ ಅತ್ತಿಗೆ, ನೋಡಿ, ಅಣ್ಣನ ಜಾಗ! ಎಷ್ಟು ಚೊಕ್ಕ ಮಾಡ್ಸಿದಾರೆ!"

ದಡ ಬೋಳಾಗಿತ್ತು. ಜೊಂಡು ಕಿತ್ತ ಯಂತ್ರದ ಹಲ್ಲಿನ ಗೀರು ಕೆಸರಿನಲ್ಲಿ ಇನ್ನೂ ಹಸಿಯಾಗಿತ್ತು. ಒಂದು ನೀರುಕೋಳಿ ಬೋಳು ನೀರಿನ ಮೇಲೆ ಅತ್ತ ಹೋಗಿ ಇತ್ತ ಬಂದು, ಒಳಹೋಗಲು ಜಾಗ ಸಿಗದೆ ಮತ್ತೆ ಅತ್ತ ಹೋಯಿತು. ಸಂಘದವರೊಬ್ಬರು ಓಡಿಬಂದು ಅವಳ ಕೈಗೊಂದು ಗುಚ್ಛ ಕೊಟ್ಟರು. ರಿಬ್ಬನ್ ಕಟ್ಟಿದ ಜೊಂಡು. "ಅವರಿಗೆ ಪ್ರೀತಿ ಅಲ್ವಾ ಅಕ್ಕಾ, ಅದಕ್ಕೇ."

ಡಾಕ್ಟರು ಭಾಷಣ ಮಾಡಿದರು. ಹಲ್ಲಿಲ್ಲದ ಬಾಯಿಯ ಮಾತನ್ನು ಅವರೇ ಹೇಳಿ, ಅವರೇ ಮೊದಲು ನಕ್ಕರು. ಜನ ಗೊಳ್ಳೆಂದರು. ಅಲ್ಲ, ನಗುವಾಗಲಾದರೂ ಒಬ್ಬನೇ ಒಬ್ಬ ತಿರುಗಿ ಕೆರೆಯ ಕಡೆ ನೋಡಬಾರದಿತ್ತೇ!

ಮುಸುಕು ತೆಗೆಯಲು ಅವಳನ್ನೇ ಕರೆದರು. ತಾನೇ ಹೊಲಿದ ಬಟ್ಟೆಯನ್ನು ಅವಳು ಎಳೆದಳು. ಕೆಳಗೆ ಗಂಡನ ಹೆಸರಿತ್ತು. ಎರಡು ಮಾತಾಡಿ ಎಂದರು.

"ಈ ಹೆಸರು ತೆಗೀರಿ" ಎಂದಳು. "ನನ್ನ ಹೆಸರು ಹಾಕಿ. ಜಾಗ ತೋರ್ಸಿದ್ದು ನಾನು. ಜೊಂಡು ಕೀಳ್ಸಿದ್ದು ನಾನು. ಇದು ನನ್ನ ಬೆಂಚು, ಅವರದಲ್ಲ."

ನಾದಿನಿ ಬಿಕ್ಕಿದಳು: "ಅಣ್ಣನ ಮೇಲೆ ಎಷ್ಟು ಪ್ರೀತಿ ಅತ್ತಿಗೆ ನಿಮಗೆ! ಅವನ ಬೆಂಚೂ ನಂದೇ ಅಂತೀರಲ್ಲ!" ಸುತ್ತ ಕರವಸ್ತ್ರಗಳು ಹೊರಬಂದವು. ಡಾಕ್ಟರು ಅವಳ ಎರಡೂ ಕೈ ಹಿಡಿದುಕೊಂಡರು.

"ನೀವು ನೂರು ವರ್ಷ ಬಾಳ್ಬೇಕು ಅಕ್ಕಾ. ಕಾಲ ಬಂದಾಗ ಪಕ್ಕದಲ್ಲೇ ನಿಮಗೂ ಒಂದು ಹಾಕ್ಸೋಣ." ಯಂತ್ರದ ಕೈ ಎಟುಕದೆ ನೀರಿನಂಚಿನಲ್ಲಿ ಉಳಿದಿದ್ದ ಹಿಡಿಯಷ್ಟು ಜೊಂಡನ್ನು ತೋರಿಸಿದರು. "ಅದೊಂಚೂರು ಉಳಿದುಬಿಟ್ಟಿದೆ. ನಾಳೆ ಅದನ್ನೂ ತೆಗೆಸಿಬಿಡ್ತೀನಿ, ಯೋಚ್ನೆ ಮಾಡ್ಬೇಡಿ."

ಅವಳು ಕೈ ಕೊಸರಿಕೊಂಡಳು. ಗುಚ್ಛವನ್ನು ಬೆಂಚಿನ ಮೇಲೆ ಬಿಸಾಡಿ, ಚಪ್ಪಲಿ ಕಾಲಲ್ಲೇ ಕೆಸರಿಗಿಳಿದು, ಆ ಹಿಡಿ ಜೊಂಡಿನ ಮುಂದೆ ಹೋಗಿ ನಿಂತಳು. ಯಾರ ಮೇಲಿನ ಸಿಟ್ಟೆಂದು ಕೇಳಿದ್ದರೆ ಮೊದಲು ತನ್ನ ಹೆಸರನ್ನೇ ಹೇಳುತ್ತಿದ್ದಳು.

ಸಂಘದವರು ಬೆಂಚಿನ ಸುತ್ತ ಫೋಟೋಕ್ಕೆ ಸಾಲಾಗಿ ನಿಂತಿದ್ದರು. ಫೋಟೋದವನು ಕ್ಯಾಮೆರಾದಿಂದ ಕಣ್ಣು ತೆಗೆದು ಕೂಗಿದ:

"ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬನ್ನಿ. ನೀರಿಗೆ ಅಡ್ಡ ಬರ್ತಿದೀರಿ."

ಅವಳು ಸರಿಯಲಿಲ್ಲ.